ಐದು ಸೆಕೆಂಡಿನ ಭಾಷಣ

"ಅಮ್ಮಾ, ಮೂವತ್ತೆರಡು ಮನೆಯವರೂ ನೋಡಿಬಿಟ್ರು!"

ಗಿರಗಿಟ್ಲೆ ಅಮ್ಮನ ಫೋನ್ ಹಿಡಿದು ಒಂಟಿಕಾಲಲ್ಲಿ ಕುಣಿಯುತ್ತಿದ್ದಳು. ನಿಂತಲ್ಲಿ ನಿಲ್ಲುವವಳಲ್ಲ, ಯಾರ ಮಾತನ್ನೂ ಪೂರ್ತಿ ಕೇಳುವವಳೂ ಅಲ್ಲ. ಹಾಗಾಗಿ ಮನೆಯಲ್ಲೂ ಶಾಲೆಯಲ್ಲೂ ಅವಳು ಗಿರಗಿಟ್ಲೆಯೇ.

ಅಮ್ಮ ಟೈಲರ್. ಮೆಷಿನ್ ತುಳಿಯುತ್ತಲೇ ಕೇಳಿದರು, "ಏನೇ ಅದು, ಬೆಳಬೆಳಿಗ್ಗೆ?"

"ಸ್ಕೂಲ್ ವ್ಯಾನ್ ವಾಟ್ಸಾಪ್ ಗ್ರೂಪಿಗೆ ಯಾರೋ ವಿಡಿಯೋ ಹಾಕಿದ್ರು. ನಾನು ಕ್ಲಾಸ್ ಗ್ರೂಪಿಗೆ ಕಳಿಸ್ದೆ. ಇವತ್ತು ಲೀಡರ್ ಎಲೆಕ್ಷನ್ ಅಲ್ವಾ? ಕನ್ನಡಕದ ಬಣ್ಣ ಬಯಲಾಯ್ತು ನೋಡು."

ಕನ್ನಡಕ ಅಂದರೆ ಕ್ಲಾಸಿನಲ್ಲಿ ಪಕ್ಕದಲ್ಲೇ ಕೂರುವ, ಕನ್ನಡಕ ಹಾಕುವ ಗೆಳತಿ. ಎಲೆಕ್ಷನ್‌ಗೆ ನಿಂತಿದ್ದಳು. ನಿನ್ನೆ ಶಾಲೆ ಗೇಟಿನ ಹತ್ತಿರ ಅವಳು ಭಾಷಣ ಮಾಡಿದಾಗ, ಮಕ್ಕಳನ್ನು ಕರೆದೊಯ್ಯಲು ಬಂದವರು ವಿಡಿಯೋ ಮಾಡಿಕೊಂಡಿದ್ದರು. ನಮ್ಮ ಗಿರಗಿಟ್ಲೆ ಅರ್ಧದಲ್ಲೇ ನೀರು ಕುಡಿಯೋಕೆ ಓಡಿದ್ದಳು.

ಫೋನಿನಲ್ಲಿ ಕನ್ನಡಕ ಕೈಯೆತ್ತಿ ಹೇಳಿದಳು, "ಆಟದ ಪೀರಿಯಡ್ ತೆಗೆದುಬಿಡ್ಬೇಕು." ಅಷ್ಟೇ. ಐದೇ ಸೆಕೆಂಡ್.

"ದಿನಾ ನನ್ನ ಜೊತೆ ಆಡಿ, ಈಗ ಹೀಗಂತಾಳೆ," ಅಂದಳು ಗಿರಗಿಟ್ಲೆ. ಅವಳಿಗೆ ನಿಜಕ್ಕೂ ಬೇಜಾರಾಗಿತ್ತು.

ಅಮ್ಮ ಮೆಷಿನ್ ನಿಲ್ಲಿಸಿ ಎರಡು ಸಲ ನೋಡಿದರು. "ಇದಕ್ಕೆ ಯಾರೋ ಕತ್ತರಿ ಹಾಕಿದಾರೆ ಕಣೇ. ನೋಡು, ಕೊನೇಲಿ ಬಾಯಿ ಇನ್ನೂ ತೆರೆದೇ ಇದೆ. ಆಮೇಲೆ ಏನಂದ್ಲು?"

ಎತ್ತಿದ್ದ ಕಾಲು ನೆಲಕ್ಕೆ ಬಂತು. ಗಿರಗಿಟ್ಲೆಗೆ ಗೊತ್ತಿರಲಿಲ್ಲ. ಗಡಿಬಿಡಿಯಲ್ಲಿ ವಿಡಿಯೋ ಅಳಿಸಿದಳು. ಆದರೆ ನೋಡಿದವರ ತಲೆಯಿಂದ ಅಳಿಸುವುದು ಹೇಗೆ? ಬ್ಯಾಗ್ ಎತ್ತಿಕೊಂಡು ಓಡಿದಳು.

ಕ್ಲಾಸಿಗೆ ಬಂದಾಗ ಮೊದಲೆರಡು ಬೆಂಚಿನವರು ಆಗಲೇ ಡಬ್ಬಕ್ಕೆ ಚೀಟಿ ಹಾಕಿದ್ದರು. ಕನ್ನಡಕ ಮುಖ ಊದಿಸಿಕೊಂಡು ಕೂತಿದ್ದಳು.

"ನಿನ್ನೆ ಏನಂದೆ? ಪೂರ್ತಿ ಹೇಳೇ," ಏದುಸಿರು ಬಿಡುತ್ತಾ ಕೇಳಿದಳು ಗಿರಗಿಟ್ಲೆ.

"ಆಟದ ಪೀರಿಯಡ್ ತೆಗೆದುಬಿಡ್ಬೇಕು ಅಂದ್ರೆ ನಾನು ಒಪ್ಪಲ್ಲ ಅಂದೆ."

ಕ್ಲಾಸಿನಲ್ಲಿ ಗುಜುಗುಜು ಶುರುವಾಯಿತು.

"ಮಿಸ್, ತಪ್ಪು ನಂದು. ಪೂರ್ತಿ ಕೇಳದೆ ಕಳಿಸ್ಬಿಟ್ಟೆ," ಅಂದಳು ಗಿರಗಿಟ್ಲೆ.

ಮೊದಲ ಬೆಂಚಿನ ಹುಡುಗ ಎದ್ದ. "ಅವಳ ಫ್ರೆಂಡೇ ಕಳಿಸಿದಾಳೆ ಅಂದ್ಮೇಲೆ ನಿಜಾನೇ ಇರ್ಬೇಕು ಅಂದ್ಕೊಂಡ್ವಿ. ಮಿಸ್, ನಮ್ಮ ಚೀಟಿ ವಾಪಸ್ ಕೊಡಿ."

"ಯಾರ ಚೀಟಿ ಯಾವುದು ಅಂತ ಹೇಗೆ ಹುಡುಕಲಿ? ಹಾಕಿದ ವೋಟು ಹಾಕಿದ್ದೇ," ಅಂದರು ಮಿಸ್.

ಉಳಿದವರು ವೋಟು ಹಾಕಿದರು. ಎಣಿಸುವಾಗ ಎಲ್ಲರೂ ಬೆಂಚಿನ ಮೇಲೇ ಹತ್ತಿದ್ದರು. ಹದಿನಾಲ್ಕು, ಹದಿನಾಲ್ಕು. ಹದಿನೈದು, ಹದಿನೈದು. ಗಿರಗಿಟ್ಲೆ ಉಗುರು ಕಚ್ಚುತ್ತಾ ನಿಂತಳು. ಕೊನೆಯ ಎರಡು ಚೀಟಿಯೂ ಎದುರು ನಿಂತಿದ್ದ ಹುಡುಗನಿಗೇ ಹೋದವು. ಕನ್ನಡಕ ಸೋತಳು.

ಆಟದ ಬೆಲ್ ಹೊಡೆಯಿತು. ಎಲ್ಲರೂ ಹೊರಗೋಡಿದರು. ಕನ್ನಡಕ ಶೂ ಲೇಸ್ ಕಟ್ಟುತ್ತಾ ಹೇಳಿದಳು, "ಇನ್ಮೇಲೆ ನಿನ್ನ ಜೊತೆ ಮಾತಾಡಲ್ಲ..."

ಗಿರಗಿಟ್ಲೆಗೆ ಅಳುವೇ ಬಂತು. ಹೇಳೋಕೆ ನೂರು ಮಾತು ನಾಲಿಗೆ ತುದಿಗೆ ಬಂದವು. ಒಂದನ್ನೂ ಆಡಲಿಲ್ಲ. ಗೆಳತಿಯ ಬಾಯಿ ಇನ್ನೂ ತೆರೆದೇ ಇತ್ತು. ನಿಂತಲ್ಲೇ ನಿಂತು ಕಾದಳು.

"...ಅಂತ ಬೆಳಿಗ್ಗೆ ಅಂದ್ಕೊಂಡಿದ್ದೆ," ಅಂದಳು ಕನ್ನಡಕ, ಇನ್ನೊಂದು ಶೂಗೆ ಕೈಹಾಕುತ್ತಾ. "ಹೋಗಿ ಬಾಲ್ ತಗೊಂಡು ಬಾ."