ಶಿಫಾನ್ ಗೌನಿನ ಅಂಚು

ನನ್ನ ಗಂಡ ಎಡಗೈ ದರ್ಜಿ. ಶಿಫಾನ್ ಅಂಚನ್ನು ಎಂಜಲಲ್ಲಿ ಒದ್ದೆ ಮಾಡಿದ ಬೆರಳಿನಿಂದ ಸುರುಳಿ ಸುತ್ತಿ ಹೊಲಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಂಗಡಿಗೆ ಬಂದ ಮೊದಲ ಗೌನನ್ನು ನಾನೇ ಒಪ್ಪಿಕೊಂಡೆ.

“ಎಂ.ಎ. ಮಾಡಿದ ಕೈಗೆ ಸೂಜಿ ಬಗ್ಗುತ್ತೇನೇ? ಇದು ಕೆಟ್ರೆ ಅಂಗಡಿ ಮುಚ್ಚೋದೇ,” ಎಂದರು ಅತ್ತೆ.

ಅರ್ಧ ಅಂಚು ಹೊಲಿದು, ಅಂಗಡಿಗೆ ಬೀಗ ಹಾಕಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಉಳಿದರ್ಧವೂ ಮುಗಿದಿತ್ತು. ಹೊಲಿಗೆಗಳು ಎಡಕ್ಕೆ ವಾಲಿದ್ದವು. ಅಂಚು ಇನ್ನೂ ಒದ್ದೆಯಾಗಿತ್ತು.

ಅಳು ಬರಲಿಲ್ಲ. ಕೆಲಸ ಒಪ್ಪಿಕೊಂಡವಳು ನಾನು. ಅವರ ಹೊಲಿಗೆಯನ್ನೆಲ್ಲ ಬಿಚ್ಚಿ ನಾನೇ ಹೊಲಿದೆ.

ಸಂಜೆ ಗೌನನ್ನು ಮನೆಗೆ ತಂದೆ. ಅತ್ತೆ ಅಂಚನ್ನು ಸವರಿ ನೋಡಿದರು.

“ಭೇಷ್ ಕಣೇ! ಅವನು ಹೊಲಿದಿದ್ದನ್ನ ಬಿಚ್ಚಿದ್ದೇ ಒಳ್ಳೇದಾಯ್ತು. ಅವನೂ ಹಾಗೇ ಅಂದ.”

ತಲೆಯೆತ್ತಿ ನಿಂತಿದ್ದೆ. ಬಿಚ್ಚಿದ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ.