ಕರಿ ಕುದುರೆಯ ಮಾರ್ಕ್ಸ್

"ಬಿಳಿ ಎರಡು ಮುಂದು! ನಾ ಗೆದ್ನಿ!" ಕಂಪ್ಯೂಟರ್ ಪರದೆ ನೋಡಿ ಹೇಮಂತ ಕುಣಿದ.

ಶಾಲೆಯ ಚೆಸ್ ಫೈನಲ್. ಗೆದ್ದವರು ಕುಂದಗೋಳದ ಪಂದ್ಯಕ್ಕೆ ಹೋಗಬೇಕು. ಇವತ್ತಿನಂತೆ ಗಂಟೆ ಹೊಡೆದು ಆಟ ಅರ್ಧಕ್ಕೆ ನಿಂತರೆ ಯಾರು ಮುಂದಿದ್ದಾರೆಂದು ಮಾರ್ಕ್ಸ್ ಹಾಕಲು ಶಿಕ್ಷಕಿ ನಂದಾ ಅಕ್ಕೋರು ತಾವೇ ಒಂದು ಪ್ರೋಗ್ರಾಮ್ ಬರೆದಿದ್ದರು.

ಕರಿ ಕಾಯಿ ಆಡಿದ್ದ ಮಲ್ಲಿಕಾ ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ. ತನ್ನ ಕುದುರೆ ಹೇಮಂತನ ಪಾಳೆಯದೊಳಗೇ ಹೊಕ್ಕು ಕೂತಿದೆ. ಹಾಗಿದ್ದೂ ತಾನು ಹಿಂದೆ ಹೇಗೆ?

"ಅಕ್ಕೋರ, ಬಣ್ಣ ಅದಲು ಬದಲು ಮಾಡಿ ನೋಡೂಣ್ರಿ."

"ಅಂದ್ರ?"

"ನನ್ನ ಕಾಯಿ ಬಿಳಿ, ಅವನ್ವು ಕರಿ. ಆ ಕಡೀದು ಈ ಕಡೆ, ಕನ್ನಡಿಯೊಳಗ ಕಂಡಂಗ. ಪಾಳಿನೂ ಬದಲಿ. ಆಟ ಅದ ಇರತೈತಿ. ಹಂಗಾರ ಈಗ ಕರಿ ಎರಡು ಮುಂದು ಬರಬೇಕಲ್ರಿ?"

"ಸೋತ ಮ್ಯಾಲ ನೆವ ಹುಡುಕಾಕತ್ತಾಳ್ರಿ!" ಹೇಮಂತ ನಕ್ಕ.

ಮಲ್ಲಿಕಾಳ ಕಿವಿ ಬಿಸಿಯಾಯಿತು. ಆದರೂ ಪರದೆಯ ಮೇಲೆ ಒಂದೊಂದೇ ಕಾಯಿ ಇಟ್ಟು ಬಟನ್ ಒತ್ತಿದಳು.

ಬಿಳಿ ನಾಲ್ಕು ಮುಂದು! ಬಿಳಿ ಈಗ ಮಲ್ಲಿಕಾಳದು.

ಹೇಮಂತನ ನಗು ನಿಂತಿತು. "ಅದ ಆಟ... ಈಗ ನಾ ಹೆಂಗ ಸೋತ್ನಿ?"

ಅಕ್ಕೋರು ಖುರ್ಚಿ ಎಳೆದುಕೊಂಡು ತಾವು ಬರೆದ ಸಾಲುಗಳನ್ನು ಓದಿದರು. ಓದುತ್ತ ಓದುತ್ತ ಹಣೆ ಬಡಿದುಕೊಂಡರು. "ನಂದ ತಪ್ಪವ್ವಾ! ಕುದರಿ ಮುಂದ ಹೋದಷ್ಟು ಮಾರ್ಕ್ಸ್ ಜಾಸ್ತಿ. ಆದ್ರ ಕರಿ ಕುದರೀನೂ ನಾ ಬಿಳಿ ಕಡಿಂದನ ಅಳದೇನಿ. ಅದು ಮುಂದ ಹೋದ್ರ ಇದಕ್ಕ ಹಿಂದ ಬಂದಂಗ ಕಾಣತೈತಿ."

ತಿದ್ದಿದ ಮೇಲೆ ಅದೇ ಆಟಕ್ಕೆ ಕರಿ ಒಂದು ಮುಂದು. ಬಣ್ಣ ಬದಲಿಸಿದರೆ ಬಿಳಿ ಒಂದು ಮುಂದು.

"ಮಲ್ಲಿಕಾ ಕಂಪ್ಯೂಟರ್ ತಪ್ಪು ಹಿಡದ್ಲು!" ಹೇಮಂತನೇ ಬಾಗಿಲಿಗೆ ಹೋಗಿ ಕೂಗಿದ. ಮಕ್ಕಳೆಲ್ಲ ಒಳಗೆ ನುಗ್ಗಿದರು. ಮಲ್ಲಿಕಾಳ ಎದೆ ಉಬ್ಬಿತು.

ಗುಂಪಿನಲ್ಲಿ ಸಣ್ಣವ್ವನೂ ಇದ್ದಳು. ಸೋಮವಾರ ಸೆಮಿಫೈನಲ್‌ನಲ್ಲಿ ಮಲ್ಲಿಕಾ ಬಿಳಿ ಕಾಯಿ ಆಡಿ ಅವಳನ್ನು ಸೋಲಿಸಿದ್ದಳು. ಸೋಲಿಸಿದ್ದಳೇ? ಅವತ್ತೂ ಗಂಟೆ ಹೊಡೆದಿತ್ತು. ಅವತ್ತೂ ಮಾರ್ಕ್ಸ್ ಹಾಕಿದ್ದು ಇದೇ ಪ್ರೋಗ್ರಾಮ್.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

"ಅಕ್ಕೋರ, ಸೋಮವಾರದ ಆಟಾನೂ ತೆಗೀರಿ. ಸಣ್ಣವ್ವ ಕರಿ ಆಡಿದ್ಲರಿ."

ಅಕ್ಕೋರು ಉಳಿಸಿಟ್ಟಿದ್ದ ಆ ಆಟವನ್ನು ಪರದೆಗೆ ತಂದರು. ಆಮೇಲೆ ಬಟನ್ ಒತ್ತಿದರು.

ಕರಿ ಎರಡು ಮುಂದು.

"ಹಂಗಾರ ನಾಳೆ ಹೇಮಂತನ ಜೋಡಿ ಫೈನಲ್ ಆಡೂದು ನಾನಾ?" ಸಣ್ಣವ್ವನಿಗೆ ನಂಬಿಕೆಯೇ ಬರಲಿಲ್ಲ.

ಅಳು ಬಂದೀತೆಂದು ಮಲ್ಲಿಕಾ ಹೆದರಿದ್ದಳು. ಬರಲಿಲ್ಲ. ಅವಳು ಬೆನ್ನು ನೆಟ್ಟಗೆ ಮಾಡಿ ಕೂತು, ಎದುರಿನ ಖುರ್ಚಿ ತೋರಿಸಿದಳು.

"ಬಾ ಬೇ, ಕೂಡು. ಹೇಮಂತ ಎಲ್ಲಿ ಎಡವತಾನ ನಂಗ ಗೊತ್ತೈತಿ."