ಸೆಮ್ವಾಂಗಾನ ಸರದಿಯ ರಕ್ತ

ನವೆಂಬರಿನ ಮಳೆಯ ಬೆನ್ನಿಗೇ ಮಸಾಕಾ ಸೀಮೆಗೆ ಮಿಡತೆಗಳು ಇಳಿದಿದ್ದವು. ಸರೋವರದ ದಂಡೆಯ ಪ್ರಯೋಗಾಲಯದ ಹಿತ್ತಲಲ್ಲಿ ಹೆಂಗಸರು ಕೂತು ಹುರಿದು ತಿನ್ನಲೆಂದು ಅವುಗಳ ರೆಕ್ಕೆ ಕೀಳುತ್ತಿದ್ದರು. ಒಳಗೆ ಸಹಾಯಕಿ ನಾಂತುಮೆ ಕೋಶ ಬೆಳೆಸುವ ತನ್ನ ತಟ್ಟೆಗಳಿಗೆ ಬಣ್ಣ ಹಚ್ಚಿ ಮತ್ತೆ ಮತ್ತೆ ನೋಡಿದಳು.

ರೋಗದ ಮೇಲೆ ಕಾದುವ ರಕ್ತದ ಬಿಳಿ ಕೋಶಗಳು, ಅಂದರೆ ಟಿ-ಕೋಶಗಳು, ಕ್ಷಯದ ವಿರುದ್ಧ ಕಾದಾಡುವಂತೆ ಬೆಳೆಯಲೆಂದು ಅವಳು ಮದ್ದು ಹಾಕಿದ್ದಳು. ಅವು ಬೆಳೆದದ್ದು ಮೈಗೆ ಹೊಕ್ಕ ಹುಳು ಓಡಿಸುವ ಕೋಶಗಳಾಗಿ.

"ಮದ್ದಿನ ಸೀಸೆ ಅದಲುಬದಲು ಮಾಡಿದೀಯ," ಎಂದ ಮೇಲ್ವಿಚಾರಕ ಸೆಮ್ವಾಂಗಾ. "ಸಂಜೆಗೆ ಗಂಟುಮೂಟೆ ಕಟ್ಟು."

"ನಾನು ಮಾಡಿಲ್ಲ, ಸ್ವಾಮಿ."

"ಮತ್ತೆ ಮಿಡತೆ ಬಂದು ಮಾಡಿತಾ?"

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ನಸ್ಸೋಲೊ ಹುರಿದ ಮಿಡತೆಯ ಪೊಟ್ಟಣವನ್ನು ಹೊರಗೇ ಇಟ್ಟು, ಕೈ ತೊಳೆದು ಬಂದರು. ಅದು ಆರುವ ಮೊದಲು ವಿಚಾರಣೆ ಮುಗಿಸುವ ಇರಾದೆ ಅವರದು.

"ಈ ಮೂಲೆಯ ತಟ್ಟೆಗೆ ಏನು ಹಾಕಿದ್ದೆ, ಮಗಳೇ?"

"ಯಾವ ಮದ್ದೂ ಇಲ್ಲ. ಹೋಲಿಸಿ ನೋಡೋಕೆ ಇಟ್ಟಿದ್ದು."

"ಇದರಲ್ಲೂ ಹುಳು ಓಡಿಸುವ ಕೋಶಗಳೇ ಇವೆಯಲ್ಲ — ಸೀಸೆಯನ್ನೇ ಮುಟ್ಟದ ತಟ್ಟೇಲಿ ಸೀಸೆಯ ತಪ್ಪು ಹೇಗಾಗುತ್ತೆ?"

ಸೆಮ್ವಾಂಗಾ ಕೆಮ್ಮಿದ.

"ರಕ್ತ ಯಾರದು?"

"ವಾರಕ್ಕೊಬ್ಬರಂತೆ ನಾವೇ ರಕ್ತ ಕೊಡ್ತೀವಿ, ಈ ವಾರ ಸೆಮ್ವಾಂಗಾ ಸಾಹೇಬರ ಸರದಿ. ಊರ ದವಾಖಾನೇಲಿ ತೆಗೆಸಿಕೊಂಡು ಬಂದು ಕೊಟ್ಟರು."

"ನೀವು ಸರೋವರಕ್ಕೆ ಇಳೀತೀರಾ, ಸೆಮ್ವಾಂಗಾ?"

"ನಾನಾ? ಕಾಲುಚೀಲ ಒದ್ದೆಯಾದ್ರೆ ನೆಗಡಿ ಬರುತ್ತೆ ನನಗೆ."

"ಹಾಗಾದ್ರೆ ಈ ರಕ್ತ ನಿಮ್ಮದಲ್ಲ."

ಸೆಮ್ವಾಂಗಾ ತಟ್ಟೆಯತ್ತ ಬಗ್ಗಿ ನೋಡಿದ.

"ಕೋಶದೊಳಗೆ ಜೀನ್‌ಗಳದ್ದೊಂದು ಜಾಲ," ಎಂದರು ಡಾಕ್ಟರು. "ಅದರಲ್ಲಿ ಒಂದು ಜೀನು ಕ್ಷಯದ ಕಡೆ ಎಳೆಯುತ್ತೆ, ಇನ್ನೊಂದು ಹುಳುವಿನ ಕಡೆ. ಇಬ್ಬರು ಸವತಿಯರು ಅನ್ನಿ. ಒಬ್ಬಳು ಒಲೆ ಹಿಡಿದಳೋ, ತನ್ನ ತವರಿನವರನ್ನೆಲ್ಲ ಕರೆಸಿ ಕೂರಿಸ್ತಾಳೆ. ಇನ್ನೊಬ್ಬಳನ್ನ ಅಡುಗೆಮನೆಗೇ ಬಿಡಲ್ಲ. ಈ ರಕ್ತದಲ್ಲಿ ಹುಳುವಿನವಳು ಎಂದೋ ಒಲೆ ಹಿಡಿದಾಗಿದೆ. ಆಮೇಲೆ ನಾಂತುಮೆ ಮದ್ದು ಹಾಕಿ ಏನು ಬಂತು? ಇದು ದಿನಾ ಸರೋವರದ ನೀರಲ್ಲಿ ನಿಂತು, ಅಲ್ಲಿ ಚರ್ಮ ತೂರಿ ಬರುವ ಹುಳು ಹತ್ತಿಸಿಕೊಂಡವನ ರಕ್ತ. ಯಾರು ಆ ಬೆಸ್ತ?"

"ನಮ್ಮ ಕುಲದ ಅಣ್ಣ," ಸೆಮ್ವಾಂಗಾನ ದನಿ ಇಳಿದಿತ್ತು. "ಸೂಜಿ ಕಂಡ್ರೆ ನನಗೆ ಕೈಕಾಲು ಬಿದ್ದುಹೋಗುತ್ತೆ. ಕುಲ ಒಂದಾದ್ಮೇಲೆ ರಕ್ತಾನೂ ಒಂದೇ ಅಲ್ವಾ ತಾಯಿ?"

"ಮದುವೆಗೆ ಹೆಣ್ಣು ಕೇಳೋವಾಗ ಒಂದೇ. ತಟ್ಟೇಲಿ ಬೇರೆ. ಅಣ್ಣನಿಗೆ ಇವತ್ತೇ ಹುಳುವಿನ ಮಾತ್ರೆ ಕೊಡಿಸಿ. ನಾಂತುಮೆ ಎಲ್ಲೂ ಹೋಗಲ್ಲ. ಮೊದಲು ನಿಮ್ಮ ಸರದಿಯ ಸಾಲ ತೀರಲಿ."

ನಾಂತುಮೆ ಅವನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ಸೆಮ್ವಾಂಗಾ ಕಣ್ಣು ಮುಚ್ಚಿ, ಧೈರ್ಯಕ್ಕೆಂದು ಅಪ್ಪ, ಅಜ್ಜ, ಮುತ್ತಜ್ಜರ ಹೆಸರುಗಳನ್ನು ಒಪ್ಪಿಸತೊಡಗಿದ. ಅವನು ಕುಲದ ಮೂಲಪುರುಷನನ್ನು ಮುಟ್ಟುವ ಹೊತ್ತಿಗೆ ನಳಿಕೆ ತುಂಬಿ, ಅದಕ್ಕೆ ಚೀಟಿಯೂ ಅಂಟಿತ್ತು.

"ಯಾವಾಗ ಚುಚ್ತೀಯೋ ಚುಚ್ಚು," ಎಂದ ಅವನು, ಕಣ್ಣು ತೆರೆಯದೆ.

ಹೊರಗೆ ಡಾಕ್ಟರು ಪೊಟ್ಟಣ ಬಿಚ್ಚಿದ್ದರು. ಮಿಡತೆ ಇನ್ನೂ ಬೆಚ್ಚಗಿತ್ತು.